ಗೊಂಬೆ ಫೋಟೋ ಅರ್ಧ ಕಪ್ಪು, ಅರ್ಧ ಬಿಳುಚು: ಕೆ1000ಗೆ ಹಳೇ ಫ್ಲಾಶ್ ಹಾಕುವಾಗ

ಮಂಡ್ಯದ ಸರ್, ನೀವು ಹಾಕಿರೋ ಸ್ಕ್ಯಾನ್‌ಗಳನ್ನ ನೋಡಿದೆ. ಪೆಂಟಾಕ್ಸ್ ಕೆ1000 ಫಿಲ್ಮ್ ಕ್ಯಾಮೆರಾ, ವಿವಿಟಾರ್ 283 ಫ್ಲಾಶ್, ಐಎಸ್‌ಒ 400ರ (ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಂಕಿ) ಕಲರ್ ರೋಲ್, ಮನೆ ಹಜಾರದಲ್ಲಿ ಕೂರಿಸಿದ ದಸರಾ ಗೊಂಬೆ. ಕೆಲವು ಫ್ರೇಮಿನಲ್ಲಿ ಒಂದು ಪಕ್ಕ ಪೂರ್ತಿ ಕಪ್ಪು. ಮಿಕ್ಕವುಗಳಲ್ಲಿ ಕೆಳಗಿನ ಸಾಲಿನ ಗೊಂಬೆಗಳಿಗೆ ಸುಣ್ಣ ಬಳಿದ ಹಾಗಿದೆ. ಇವು ಎರಡು ಬೇರೆ ಬೇರೆ ತಪ್ಪು. ಶಟರ್ (ಫಿಲ್ಮಿಗೆ ಬೆಳಕು ಬಿಟ್ಟು ಮುಚ್ಚೋ ಪರದೆ) ಕೆಟ್ಟಿದೆ ಅಂತ ರಿಪೇರಿಗೆ ಕೊಡೋಕೆ ಮುಂಚೆ ಇದನ್ನ ಮಾಡಿ ನೋಡಿ.

ಕಪ್ಪು ಪಟ್ಟಿ ಬರೋದು ಶಟರ್ ಸ್ಪೀಡಿನಿಂದ. ಕೆ1000ರಲ್ಲಿ ಬಟ್ಟೆಯ ಎರಡು ಪರದೆ ಅಡ್ಡಡ್ಡ ಓಡುತ್ತವೆ. 1/60 ಸೆಕೆಂಡ್ ಅಥವಾ ಅದಕ್ಕಿಂತ ನಿಧಾನಕ್ಕೆ ಇಟ್ಟಾಗ ಮಾತ್ರ, ಮೊದಲ ಪರದೆ ಪೂರ್ತಿ ಸರಿದ ಮೇಲೆ ಎರಡನೆಯದು ಹೊರಡುತ್ತೆ; ನಡುವೆ ಇಡೀ ಫ್ರೇಮ್ ಒಂದು ಕ್ಷಣ ತೆರೆದಿರುತ್ತೆ. ಫ್ಲಾಶ್ ಹೊಡೆಯೋದು ಆ ಕ್ಷಣದಲ್ಲೇ. 1/125ಕ್ಕೆ ಇಟ್ಟರೆ ಆ ಹೊತ್ತಿಗೆ ಎರಡನೇ ಪರದೆ ಹೆಚ್ಚೂಕಡಿಮೆ ಅರ್ಧ ದಾರಿ ಬಂದಿರುತ್ತೆ, ಅದರ ಹಿಂದಿನ ಫಿಲ್ಮಿಗೆ ಬೆಳಕೇ ಬೀಳಲ್ಲ.

ಕಣ್ಣಾರೆ ನೋಡಬಹುದು. ರೋಲ್ ಇಲ್ಲದಾಗ ಹಿಂದಿನ ಬಾಗಿಲು ತೆಗೆದು, ಫ್ಲಾಶ್ ಸಿಕ್ಕಿಸಿ ಆನ್ ಮಾಡಿ, ಅಪರ್ಚರ್ (ಲೆನ್ಸಿನ ಕಿಂಡಿ) ಪೂರ್ತಿ ತೆರೆದು, ಬಿಳಿ ಗೋಡೆ ಕಡೆ ಹಿಡಿದು, ಹಿಂದಿನಿಂದ ನೋಡ್ತಾ ಕ್ಲಿಕ್ ಮಾಡಿ. 60ರಲ್ಲಿ ಇಡೀ ಚೌಕ ಬೆಳಗುತ್ತೆ. 125ರಲ್ಲಿ ಪರದೆಯ ಅಂಚು ಚೌಕದ ನಡುವೆ ಗೆರೆ ಎಳೆದಂತೆ ಕಾಣುತ್ತೆ. 60ರಲ್ಲೂ ಚೌಕ ತುಂಬದಿದ್ದರೆ ಆಗ ರಿಪೇರಿಗೆ ಕೊಡಿ.

ಈಗ ಬಿಳುಚು. ಕ್ಯಾಮೆರಾ ಒಳಗಿನ ಬೆಳಕಳೆಯೋ ಮೀಟರ್ ಮುಳ್ಳಿಗೆ ಫ್ಲಾಶ್ ವಿಷಯ ಗೊತ್ತೇ ಇಲ್ಲ. ಅದು ಕೋಣೆಯ ಮಂಕು ಬೆಳಕು ನೋಡಿ ಎಫ್ 4 (ಅಪರ್ಚರ್ ಅಂಕಿ; ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಅಂತ ತೋರಿಸಿತು, ನೀವು ಅದನ್ನೇ ಇಟ್ಟಿರಿ. ಫ್ಲಾಶ್ ಫೋಟೋದಲ್ಲಿ ಲೆಕ್ಕ ಅಪರ್ಚರ್ ಮತ್ತು ದೂರದ್ದು. 283ರ ಗೈಡ್ ನಂಬರ್ (ಫ್ಲಾಶಿನ ಶಕ್ತಿ ಹೇಳೋ ಅಂಕಿ; ದೂರದಿಂದ ಭಾಗಿಸಿದರೆ ಅಪರ್ಚರ್ ಸಿಗುತ್ತೆ) ಐಎಸ್‌ಒ 100ಕ್ಕೆ ಸುಮಾರು 36, ಮೀಟರ್ ಲೆಕ್ಕದಲ್ಲಿ. 400ರ ಫಿಲ್ಮಿಗೆ ಅದರ ಎರಡರಷ್ಟು, 72. ಗೊಂಬೆ 3 ಮೀಟರ್ ದೂರ ಇದ್ದರೆ 72 ಭಾಗಿಸು 3, 24. ಅಂದರೆ ಎಫ್ 22. ಫ್ಲಾಶ್ 'ಎಂ'ನಲ್ಲಿ (ಮ್ಯಾನ್ಯುಯಲ್, ಪೂರ್ತಿ ಬೆಳಕು) ಇದ್ದು ಲೆನ್ಸ್ ಎಫ್ 4ರಲ್ಲಿ ಇದ್ದರೆ 5 ಸ್ಟಾಪ್ ಜಾಸ್ತಿ (ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟು)! ಕಲರ್ ನೆಗೆಟಿವ್ 2-3 ಸ್ಟಾಪ್ ತಡ್ಕೊಳ್ಳುತ್ತೆ, 5 ತಡ್ಕೊಳ್ಳಲ್ಲ. ಜೊತೆಗೆ, ಕೆಳಗಿನ ಮೆಟ್ಟಿಲು 2 ಮೀಟರಲ್ಲಿ, ಪಟ್ಟದ ಗೊಂಬೆ 3 ಮೀಟರಲ್ಲಿ ಇದ್ದರೆ ಕೆಳಗಿನದಕ್ಕೆ ಎರಡೂಕಾಲು ಪಟ್ಟು ಬೆಳಕು. ನೇರ ಫ್ಲಾಶಲ್ಲಿ ಇದಕ್ಕೆ ಮದ್ದಿಲ್ಲ.

ಆದ್ದರಿಂದ ಗೊಂಬೆಗೆ ನೇರ ಫ್ಲಾಶ್ ಬೇಡವೇ ಬೇಡ, ಫ್ಲಾಶಿನ ತಲೆ ಎತ್ತಿ ತಾರಸಿಗೆ ಹೊಡೆಯಿರಿ. ತಾರಸಿ 3 ಮೀಟರ್ ಎತ್ತರ, ಫ್ಲಾಶ್ ನೆಲದಿಂದ ಒಂದೂವರೆ ಮೀಟರ್, ಗೊಂಬೆ ಮೊದಲಿನ ಹಾಗೆ 3 ಮೀಟರ್ ದೂರ, ಸುಮಾರು 1 ಮೀಟರ್ ಎತ್ತರದಲ್ಲಿ ಅಂದುಕೊಳ್ಳಿ. ಬೆಳಕು ಮೇಲೆ ಹೋಗಿ ಕೆಳಗೆ ಬರೋ ದಾರಿ ಸುಮಾರು 4.6 ಮೀಟರ್. 72 ಭಾಗಿಸು 4.6, ಎಫ್ 16 ಹತ್ತಿರ. ಬಿಳಿ ತಾರಸಿಯೂ ಒಂದಷ್ಟು ಬೆಳಕು ನುಂಗುತ್ತೆ, ಅದಕ್ಕೆ 2 ಸ್ಟಾಪ್ ಬಿಟ್ಟು ಎಫ್ 8. ಅನುಮಾನ ಇದ್ದರೆ ಎಫ್ 5.6ರಲ್ಲಿ ಇನ್ನೊಂದು ತೆಗೀರಿ. ಅರಗಿನ ಬಣ್ಣದ ಚನ್ನಪಟ್ಟಣದ ಗೊಂಬೆಗಳ ಮೇಲೆ ಚುಕ್ಕಿ ಹೊಳಪೂ ಹೀಗೆ ಮಾಡಿದರೆ ಬಹಳ ಕಡಿಮೆ ಆಗುತ್ತೆ.

ಹಂಚಿನ ಮನೆ, ಮರದ ಜಂತೆ ಇದ್ದರೆ ಇದು ನಡೆಯಲ್ಲ: ಬೆಳಕೂ ಕಮ್ಮಿ, ಫೋಟೋಕ್ಕೆ ಕಂದು ಬಣ್ಣವೂ ಬರುತ್ತೆ. ಹಸಿರು ಗೋಡೆಗೆ ಹೊಡೆದರೆ ಗೊಂಬೆ ಮುಖವೂ ಹಸಿರು. ಅಂಥ ಕಡೆ ಒಬ್ಬರ ಕೈಲಿ ಬಿಳಿ ಥರ್ಮಾಕೋಲ್ ಹಾಳೆ ಫ್ಲಾಶ್ ತಲೆ ಮೇಲೆ ಓರೆಯಾಗಿ ಹಿಡಿಸಿ.

ಲೆಕ್ಕ ಬೇಡ ಅಂದರೆ ಫ್ಲಾಶಿನ ಆಟೋ ಮೋಡ್ ಬಳಸಿ. ಡಯಲಿನಲ್ಲಿ 400 ಇಟ್ಟು, ಸೆನ್ಸರ್ ಮೇಲೆ ಆರಿಸಿದ ಆಟೋ ಮೋಡಿನ ಬಣ್ಣಕ್ಕೆ ಡಯಲ್ ತೋರಿಸೋ ಅಪರ್ಚರನ್ನೇ ಲೆನ್ಸಿಗೆ ಹಾಕಿ. 283ರ ತಲೆ ಮೇಲಕ್ಕೆ ತಿರುಗಿದರೂ ಸೆನ್ಸರ್ ಕಣ್ಣು ಗೊಂಬೆ ಕಡೆಗೇ ಇರುತ್ತೆ, ಹಾಗಾಗಿ ತಾರಸಿಗೆ ಹೊಡೆಯೋದಕ್ಕೂ (ಬೌನ್ಸ್) ಒದಗುತ್ತೆ. ಹಿಂದೆ ಬಿಳಿ ಪಂಚೆ ಹಾಸಿದ್ದರೆ ಸೆನ್ಸರ್ ಮೋಸ ಹೋಗಿ ಬೆಳಕು ಬೇಗ ನಿಲ್ಲಿಸುತ್ತೆ. ಒಂದು ಸ್ಟಾಪ್ ತೆರೆಯಿರಿ.

ಸೀರಿಯಲ್ ಸೆಟ್ಟಿನ ಮಿಣುಕೂ ಬರಬೇಕು ಅಂದಿದ್ದೀರಿ. ಅಪರ್ಚರ್ ಅದೇ ಇರಲಿ, ಶಟರ್ 1/8ಕ್ಕೆ ಇಳಿಸಿ, ಟ್ರೈಪಾಡ್ ಮೇಲೆ ಇಡಿ. ಫ್ಲಾಶಿನ ಬೆಳಕು ಬದಲಾಗಲ್ಲ, ದೀಪಗಳದ್ದು ಮಾತ್ರ 3 ಸ್ಟಾಪ್ ಏರುತ್ತೆ.

ಕೆಂಪು ರೆಡಿ ದೀಪ ಹತ್ತಿದ ಕೂಡಲೇ ಒತ್ತಬೇಡಿ, ಆಗಿನ್ನೂ ಪೂರ್ತಿ ಚಾರ್ಜ್ ಆಗಿರಲ್ಲ. ಇನ್ನೊಂದು ಹತ್ತು ಸೆಕೆಂಡ್ ಕಾಯಿರಿ. 4 ಪೆನ್ ಸೆಲ್‌ಗೆ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜಬಲ್ ಒಳ್ಳೆಯದು. ಸೆಲ್ ಸೋರಿ ಹಸಿರುಗಟ್ಟಿದ ಪಟ್ಟಿಗಳನ್ನ ನಿಂಬೆರಸ ಅದ್ದಿದ ಹತ್ತಿಯಿಂದ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ. ವರ್ಷಗಟ್ಟಲೆ ಬೀರುವಿನಲ್ಲಿದ್ದ ಫ್ಲಾಶ್ ಆದರೆ ಮೊದಲು ಆನ್ ಮಾಡಿ ಹತ್ತು ನಿಮಿಷ ಬಿಡಿ, ಆಮೇಲೆ ನಿಧಾನವಾಗಿ ನಾಲ್ಕೈದು ಸಲ ಹೊಡೆಯಿರಿ, ಕೆಪಾಸಿಟರ್ (ಒಳಗೆ ಚಾರ್ಜ್ ಹಿಡಿದಿಡೋ ಭಾಗ) ಚೇತರಿಸಿಕೊಳ್ಳುತ್ತೆ. ಫ್ಲಾಶನ್ನ ಬಿಚ್ಚೋಕೆ ಮಾತ್ರ ಹೋಗಬೇಡಿ, ಸೆಲ್ ತೆಗೆದ ಮೇಲೂ ಒಳಗೆ 300 ವೋಲ್ಟ್ ಉಳಿದಿರಬಹುದು. ಹಳೇ 283 ಕೆಲವು ಶೂ ಪಿನ್ನಲ್ಲೇ (ಕ್ಯಾಮೆರಾಗೆ ಸಿಕ್ಕಿಸೋ ಬುಡದ ಪಿನ್) 200 ವೋಲ್ಟ್ ದಾಟುತ್ತವೆ. ಕೆ1000 ತಡೆಯುತ್ತೆ, ಆದರೆ ಮಗನ ಡಿಜಿಟಲ್ ಕ್ಯಾಮೆರಾಗೆ ಸಿಕ್ಕಿಸಿದರೆ ಅದರ ಸರ್ಕ್ಯೂಟೇ ಹೋಗಬಹುದು.