ಸಮುದ್ರದ ನೀರು ಆಮ್ಲೀಯವಾಗುತ್ತಾ ಹೋದರೆ ಸೀಗಡಿ ಜಾತಿಯ ಸಣ್ಣ ಜೀವಿಗಳ ಸಂತಾನಕ್ಕೆ ಏನಾಗುತ್ತದೆ?

ಚಿಪ್ಪು ಕರಗಿ ಸಾಯುತ್ತವಾ, ಮೊಟ್ಟೆ ಇಡುವುದೇ ನಿಂತುಹೋಗುತ್ತಾ ಎಂದು ಕೇಳಿದ್ದೀರಿ. ಎರಡೂ ಅಲ್ಲ, ಆದರೆ ನಿಮ್ಮ ಆತಂಕ ಸುಳ್ಳಲ್ಲ. ನಾನು ಕಾರವಾರದಲ್ಲಿ ಸಾಗರ ಜೀವಶಾಸ್ತ್ರ ಓದಿ ಈಗ ಬೆಂಗಳೂರಿನಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಇಲ್ಲಿನ ಮಕ್ಕಳೂ ಮೊದಲು ಕೇಳುವುದು ಚಿಪ್ಪಿನ ಬಗ್ಗೆಯೇ.

ಕರಗುವ ಭಯ ಹೆಚ್ಚಾಗಿ ಹವಳಕ್ಕೆ, ಕಪ್ಪೆಚಿಪ್ಪಿಗೆ. ನುಚ್ಚಕ್ಕಿಯಷ್ಟೂ ದೊಡ್ಡದಲ್ಲದ, ಸೀಗಡಿಯ ದೂರದ ಬಂಧುಗಳಾದ ಕೊಪಿಪಾಡ್‌ಗಳ ಮೈಹೊದಿಕೆ ಬಹುಪಾಲು ಕೈಟಿನ್ (ಕೀಟಗಳ ಹೊರಕವಚದಲ್ಲಿರುವ ವಸ್ತು), ಅದರಲ್ಲಿ ಸುಣ್ಣ ತೀರಾ ಕಡಿಮೆ. ಅವುಗಳ ಕಷ್ಟವೇ ಬೇರೆ.

ಗೋಲಿಸೋಡಾ ಹುಳಿ ಹುಳಿ ಎನ್ನಿಸುವುದು ನೀರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್‌ನಿಂದ. ಕಡಲೂ ನಾವು ಬಿಡುವ ಆ ಅನಿಲದಲ್ಲಿ ಸುಮಾರು ಕಾಲು ಭಾಗ ಹೀರಿಕೊಳ್ಳುತ್ತಿದೆ. ಕೈಗಾರಿಕೆಗಳು ಬರುವ ಮುಂಚೆ ಮೇಲ್ಪದರದ ಪಿಎಚ್ (ಇಳಿದಷ್ಟೂ ಆಮ್ಲತೆ ಹೆಚ್ಚು ಎನ್ನುವ ಅಳತೆ) ಸುಮಾರು 8.2 ಇತ್ತು, ಈಗ 8.1ರ ಆಸುಪಾಸು. ನೀರು ಇವತ್ತಿಗೂ ಕ್ಷಾರೀಯವೇ. ಆದರೆ ಈ 0.1 ಇಳಿಕೆಯೆಂದರೆ ಆಮ್ಲತೆಗೆ ಕಾರಣವಾದ ಹೈಡ್ರೋಜನ್ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಕಾಲು ಪಾಲಿನಷ್ಟು ಹೆಚ್ಚಿದಂತೆ.

ಹೊರಗಿನ ನೀರು ಬದಲಾದರೂ ಒಳಗಿನ ರಸದ ಸಮತೋಲ ಕೆಡದಂತೆ ಈ ಜೀವಿಗಳು ಬಿಡುವಿಲ್ಲದೆ ಅಯಾನುಗಳನ್ನು ಒಳಹೊರಗೆ ಸಾಗಿಸುತ್ತಿರಬೇಕು. ಅದಕ್ಕೆ ಶಕ್ತಿ ಖರ್ಚು. ಬಾಡಿಗೆ ಏರಿದಾಗ ಬೆಂಗಳೂರಿನ ಸಂಸಾರ ಬೇರೆ ಖರ್ಚಿಗೆ ಕತ್ತರಿ ಹಾಕುವ ಹಾಗೆ, ಇಲ್ಲಿ ಕತ್ತರಿ ಬೀಳುವುದು ಬೆಳವಣಿಗೆಗೆ, ಮೊಟ್ಟೆಗೆ. ಬಲಿತ ಕೊಪಿಪಾಡ್‌ಗಳು ಈ ಶತಮಾನದಲ್ಲಿ ನಿರೀಕ್ಷಿಸುವ ಮಟ್ಟವನ್ನು ಅನೇಕ ಪ್ರಯೋಗಗಳಲ್ಲಿ ತಡೆದುಕೊಂಡಿವೆ. ಸೋಲುವುದು ಹೆಚ್ಚಾಗಿ ಆಗತಾನೇ ಒಡೆದು ಬಂದ ನಾಪ್ಲಿಯಸ್ ಮರಿಗಳು. ತಾಯಿಯನ್ನಷ್ಟೇ ನೋಡಿ 'ತೊಂದರೆಯಿಲ್ಲ' ಎಂದುಬಿಡುವುದು ನನ್ನ ಪ್ರಕಾರ ದೊಡ್ಡ ತಪ್ಪು.

ನನ್ನನ್ನು ಬಹಳ ಕಾಡಿದ್ದು ಸೀಗಡಿಯನ್ನೇ ಹೋಲುವ ಅಂಟಾರ್ಕ್ಟಿಕಾದ ಕ್ರಿಲ್. ಅದರ ಮೊಟ್ಟೆಗಳು ಬಿಟ್ಟ ಜಾಗದಲ್ಲಿ ನಿಲ್ಲುವುದಿಲ್ಲ. 700ರಿಂದ 1000 ಮೀಟರ್ ಆಳಕ್ಕೆ ಮುಳುಗಿ ಒಡೆಯುತ್ತವೆ, ಮರಿಗಳು ಆಮೇಲೆ ಮೇಲಕ್ಕೆ ಈಜಿ ಬರಬೇಕು. ಆಳದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಮೊದಲೇ ಜಾಸ್ತಿ. ಆಸ್ಟ್ರೇಲಿಯಾದ ಪ್ರಯೋಗಾಲಯದಲ್ಲಿ ಈ ಅನಿಲ ದಶಲಕ್ಷಕ್ಕೆ 1000 ಭಾಗದ ಮಟ್ಟಕ್ಕೇರುವವರೆಗೆ ಭ್ರೂಣಗಳು ಸರಿಯಾಗಿಯೇ ಬೆಳೆದವು, 2000ದಲ್ಲಿ ಬೆಳವಣಿಗೆ ಹೆಚ್ಚುಕಡಿಮೆ ನಿಂತೇಹೋಯಿತು. ಈಗ ಗಾಳಿಯಲ್ಲಿರುವುದು 420ರ ಮೇಲೆ. ಗಾಳಿ 2000ಕ್ಕೆ ಏರಬೇಕಿಲ್ಲ, ಆ ಮೊಟ್ಟೆ ಇಳಿದುಹೋಗುವ ನೀರು ಎಷ್ಟಕ್ಕೆ ತಲುಪುತ್ತದೆ ಎಂಬುದೇ ಲೆಕ್ಕ.

ತೊಂದರೆ ಬರುವ ಇನ್ನೊಂದು ದಾರಿ ವಾಸನೆಯದು. ಗ್ಯಾಮರಸ್‌ನಂಥ ಆಂಫಿಪಾಡ್‌ಗಳಲ್ಲಿ (ಇವೂ ಸೀಗಡಿಯ ಸಣ್ಣ ಬಂಧುಗಳೇ) ಹೆಣ್ಣು ಪೊರೆ ಕಳಚಿದ ಹೊತ್ತಿಗೇ ಕೂಡಬೇಕು, ಅದಕ್ಕಾಗಿ ಗಂಡು ದಿನಗಟ್ಟಲೆ ಅವಳನ್ನು ಹಿಡಿದುಕೊಂಡೇ ಕಾಯುತ್ತದೆ. ಅವಳು ಸಿದ್ಧಳೆಂದು ತಿಳಿಯುವುದು ನೀರಲ್ಲಿ ಬರುವ ರಾಸಾಯನಿಕ ಸುಳಿವಿನಿಂದ. ಪಿಎಚ್ ಇಳಿದರೆ ಅಂಥ ಕೆಲವು ಅಣುಗಳ ಆಕಾರವೇ ಬದಲಾಗುತ್ತದೆ. ತೀರದ ಏಡಿಗಳಲ್ಲಿ, ತಾಯಿ ಮೊಟ್ಟೆಗಳಿಗೆ ನೀರಾಡಿಸುವಂತೆ ಮಾಡುವ ಸಂಕೇತದಲ್ಲಿ, ಇದನ್ನು ಕಂಡಿದ್ದಾರೆ.

ಹೊಂದಿಕೊಳ್ಳಲಾರವೇ ಎಂದರೆ, ಅಕಾರ್ಟಿಯಾ ಎಂಬ ಕೊಪಿಪಾಡನ್ನು ಬಿಸಿ ಮತ್ತು ಆಮ್ಲತೆ ಎರಡರಲ್ಲೂ ಒಟ್ಟಿಗೆ 25 ತಲೆಮಾರು ಸಾಕಿ ನೋಡಿದ್ದಾರೆ. ಬದುಕಿ ಮರಿ ಮಾಡುವ ಅದರ ಸಾಮರ್ಥ್ಯ ಮೊದಲು ಕುಸಿಯಿತು, ಬೇಗ ಚೇತರಿಸಿಕೊಂಡಿತು, ಆದರೆ ಪೂರ್ತಿ ಅಲ್ಲ.

ನಮ್ಮ ಕಾರವಾರ, ಮಂಗಳೂರು ತೀರದಲ್ಲಿ ಮುಂಗಾರಿನಲ್ಲಿ ಆಳದ ನೀರು ತಾನಾಗಿಯೇ ಮೇಲೆದ್ದು ಬರುತ್ತದೆ. ಅದರಲ್ಲಿ ಆಮ್ಲಜನಕ ಕಡಿಮೆ, ಪಿಎಚ್ ಕೂಡ ಕಡಿಮೆ. ಅದೇ ನೀರು ಹೊತ್ತು ತರುವ ಪೋಷಕಾಂಶದಿಂದ ಸಸ್ಯಪ್ಲವಕಗಳು, ಅಂದರೆ ನೀರಲ್ಲಿ ತೇಲುವ ಸೂಕ್ಷ್ಮ ಪಾಚಿಗಳು, ಹುಲುಸಾಗಿ ಬೆಳೆಯುತ್ತವೆ. ಕೊಪಿಪಾಡ್‌ಗಳಿಗೆ ಹೊಟ್ಟೆ ತುಂಬ ಸಿಗುವ ಕಾಲ ಮತ್ತು ಮರಿಗಳಿಗೆ ನೀರು ಕಠಿಣವಾಗುವ ಕಾಲ ಎರಡೂ ಒಂದೇ. ಶಿವಾಜಿನಗರದ ಮಾರುಕಟ್ಟೆಗೆ ಬರುವ ಬಂಗುಡೆ ಇವುಗಳನ್ನೂ ತಿಂದೇ ಬೆಳೆಯುತ್ತದೆ.