ನಿಮ್ಮ ಪ್ರಶ್ನೆ, ನನ್ನ ಉತ್ತರ: ಅಮೆರಿಕದಲ್ಲಿ ಮತ ಹಾಕದವರು ಯಾರು?

ಈ ತಿಂಗಳು ಬಂದ ಪತ್ರಗಳಲ್ಲಿ ಅಮೆರಿಕದ ಚುನಾವಣೆಯದ್ದೇ ಜಾಸ್ತಿ. ನಾನಿರುವುದು ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯ್ಟ್ ಪಕ್ಕದ ಊರಿನಲ್ಲಿ. ಇಲ್ಲಿನ ಪೌರತ್ವ ಸಿಕ್ಕ ಮೇಲೆ ಚುನಾವಣೆ ದಿನ ಮತಗಟ್ಟೆಯಲ್ಲಿ ಕೆಲಸಕ್ಕೆ ಕೂರುತ್ತಿದ್ದೇನೆ. ಹಾಗಾಗಿ ಮೇಜಿನ ಆಚೆ ನಿಂತವರಿಂದ ಕಲಿತದ್ದನ್ನೇ ಹೆಚ್ಚು ಬರೆದಿದ್ದೇನೆ.

● ಜಗತ್ತಿಗೆಲ್ಲ ಪ್ರಜಾಪ್ರಭುತ್ವದ ಪಾಠ ಹೇಳುವ ಅಮೆರಿಕದಲ್ಲಿ ಮೂರರಲ್ಲೊಬ್ಬರು ಅಧ್ಯಕ್ಷರ ಚುನಾವಣೆಗೂ ಮತ ಹಾಕುವುದಿಲ್ಲವಂತೆ. 2024ರ ಲೋಕಸಭೆಗೆ ನಮ್ಮ ಮಂಡ್ಯದಲ್ಲಿ ಶೇಕಡಾ 81 ದಾಟಿತ್ತು. ಅಲ್ಲಿನವರು ಅಷ್ಟು ಸೋಮಾರಿಗಳೇ?
(ನಿವೃತ್ತ ಶಿಕ್ಷಕರು, ಮದ್ದೂರು)

ಮಂಡ್ಯದವರ ಹೆಮ್ಮೆ ನ್ಯಾಯವಾದದ್ದೇ ಸರ್. ಸೋಮಾರಿತನ ಅನ್ನೋದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಮೊದಲು ಲೆಕ್ಕ ನೋಡಿ. ನಮ್ಮಲ್ಲಿ ಶೇಕಡಾವಾರು ತೆಗೆಯುವುದು ಪಟ್ಟಿಯಲ್ಲಿ ಹೆಸರಿರುವವರ ಮೇಲೆ. ಇಲ್ಲಿ ಸಾಮಾನ್ಯವಾಗಿ ತೆಗೆಯುವುದು ಮತದ ಹಕ್ಕಿರುವ ಎಲ್ಲರ ಮೇಲೆ, ಪಟ್ಟಿಯಲ್ಲಿ ಹೆಸರು ಇರಲಿ ಬಿಡಲಿ. 2020ರಲ್ಲಿ ಹೀಗೆ ಸುಮಾರು 66 ಬಂತು, 1900ರ ನಂತರ ಅದೇ ಹೆಚ್ಚು. 2024ರಲ್ಲಿ ಸುಮಾರು 64. ಸೆನ್ಸಸ್ ಬ್ಯೂರೋದ ಸಮೀಕ್ಷೆ ಪ್ರಕಾರ ಆ ವರ್ಷ ನೋಂದಾಯಿಸಿಕೊಂಡಿದ್ದವರೇ ನೂರಕ್ಕೆ 74ರಷ್ಟು. ಹೆಸರಿದ್ದವರಲ್ಲಿ ಹತ್ತಕ್ಕೆ ಹೆಚ್ಚುಕಮ್ಮಿ ಒಂಬತ್ತು ಜನ ಮತ ಹಾಕಿದ್ದಾರೆ. ಅದೇ ವರ್ಷ ಬೆಂಗಳೂರು ದಕ್ಷಿಣದಲ್ಲಿ ಪಟ್ಟಿಯಲ್ಲಿದ್ದವರ ಪೈಕಿ ಬಂದದ್ದು 53.

ಹಾಗಾದರೆ ಇಲ್ಲಿ ಜನ ತಪ್ಪಿಹೋಗುವುದು ಎಲ್ಲಿ? ಪಟ್ಟಿಯಲ್ಲೇ. ನಮ್ಮೂರಲ್ಲಿ ಅಂಗನವಾಡಿ ಟೀಚರೋ ಶಾಲೆ ಮೇಷ್ಟ್ರೋ ಮನೆ ಬಾಗಿಲಿಗೆ ಬಂದು ಹೆಸರು ಬರೆದುಕೊಳ್ಳುತ್ತಾರೆ. ಆ ಬಿಎಲ್‌ಓ ಕೆಲಸ ನೀವೂ ಮಾಡಿರಬಹುದು. ಇಲ್ಲಿ ಹಾಗೆ ಯಾರೂ ಬರುವುದಿಲ್ಲ. ನಾರ್ತ್ ಡಕೋಟಾ ಒಂದನ್ನು ಬಿಟ್ಟರೆ ಎಲ್ಲ ರಾಜ್ಯಗಳಲ್ಲೂ ನೋಂದಣಿ ಬೇಕು. ಬಾಡಿಗೆ ಮನೆ ಬದಲಿಸಿದಾಗಲೆಲ್ಲ ನಾವೇ ನೆನಪಿಟ್ಟು ವಿಳಾಸ ಬದಲಿಸಬೇಕು.

2024ರ ನವೆಂಬರ್ 5ರಂದು ಸಂಜೆ ಏಳೂವರೆಗೆ ನಮ್ಮ ಮತಗಟ್ಟೆಗೆ ಒಬ್ಬ ನರ್ಸ್ ಬಂದಳು. ಮೈಮೇಲೆ ಆಸ್ಪತ್ರೆಯ ನೀಲಿ ಬಟ್ಟೆ, ಕೊರಳಲ್ಲಿ ಬ್ಯಾಡ್ಜ್. ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ ಸೀದಾ ಬಂದಿದ್ದಳು. ಹುಡುಕಿದರೆ ಅವಳ ಹೆಸರು ಹಳೆ ಊರಿನ ಪಟ್ಟಿಯಲ್ಲಿದೆ. ಮಿಶಿಗನ್‌ನಲ್ಲಿ 2018ರ ಜನಮತಗಣನೆಯ ನಂತರ ಚುನಾವಣೆ ದಿನವೂ ನೋಂದಾಯಿಸಬಹುದು. ಆದರೆ ಮತಗಟ್ಟೆಯಲ್ಲಿ ಆಗುವುದಿಲ್ಲ, ಚುನಾವಣೆ ನೋಡಿಕೊಳ್ಳುವ ಊರಿನ ಕ್ಲರ್ಕ್ ಕಚೇರಿಗೇ ಹೋಗಬೇಕು. ಎಂಟು ಗಂಟೆಯೊಳಗೆ ಅಲ್ಲಿನ ಸಾಲಿನಲ್ಲಿರಬೇಕು, ವಿಳಾಸದ ಪುರಾವೆಯೂ ಬೇಕು. ಇಷ್ಟು ಹೇಳಿದ್ದೇ ತಡ, ಫೋನಿನಲ್ಲಿ ಕರೆಂಟ್ ಬಿಲ್ ಹುಡುಕುತ್ತಲೇ ಕಾರಿನ ಕಡೆ ಓಡಿದಳು. ಅವಳು ಸಾಲು ಸೇರಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಅವಳನ್ನು ಸೋಮಾರಿ ಅನ್ನೋಕಾಗುತ್ತಾ?

ಇದರ ಮೇಲೆ ಮತದಾನ ಮಂಗಳವಾರ ಬೇರೆ. ನವೆಂಬರ್‌ನ ಮೊದಲ ಸೋಮವಾರದ ಮರುದಿನ ಅಂತ 1845ರಲ್ಲಿ ಕಾನೂನಾಯಿತು. ಭಾನುವಾರ ಚರ್ಚಿಗೆ ಹೋಗಿ, ಸೋಮವಾರ ಕುದುರೆ ಗಾಡಿ ಕಟ್ಟಿಕೊಂಡು ಹೊರಡುವ ರೈತರಿಗೆ ಆ ದಿನ ಸರಿಹೋಗುತ್ತಿತ್ತು. ಇಂದಿಗೂ ಅದೇ ದಿನ, ದೇಶಕ್ಕೆಲ್ಲ ರಜೆಯೂ ಇಲ್ಲ.

● ಅಮೆರಿಕನ್ ಪ್ರಜೆಗಳೇ ಮತ ಹಾಕಬೇಕು, ಅದಕ್ಕೆ ದಾಖಲೆ ತೋರಿಸಿ ಅಂತ ಟ್ರಂಪ್ ಕೇಳಿದರೆ ತಪ್ಪೇನು? ಯಾಕಿಷ್ಟು ಗಲಾಟೆ?
(ವಕೀಲರು, ಧಾರವಾಡ)

ಪ್ರಜೆಗಳೇ ಹಾಕಬೇಕು ಅನ್ನುವುದರಲ್ಲಿ ಜಗಳವಿಲ್ಲ. ಸಂಸತ್ತಿನ ಮತ್ತು ಅಧ್ಯಕ್ಷರ ಚುನಾವಣೆಯಲ್ಲಿ ಬೇರೆಯವರು ಮತ ಹಾಕುವುದು ಈಗಾಗಲೇ ಅಪರಾಧ. ಜೈಲೂ ಆಗಬಹುದು, ಗಡೀಪಾರೂ ಆಗಬಹುದು.

ಜಗಳ ದಾಖಲೆಯದು. ಟ್ರಂಪ್ 2025ರ ಮಾರ್ಚ್‌ನಲ್ಲಿ ಹೊರಡಿಸಿದ ಆದೇಶದಲ್ಲಿ ಪೌರತ್ವದ ದಾಖಲೆ ಕೇಳುವ ಭಾಗಕ್ಕೆ ಕೋರ್ಟ್ ತಡೆ ಹಾಕಿತು. ಏಪ್ರಿಲ್‌ನಲ್ಲಿ ಸೇವ್ ಆ್ಯಕ್ಟ್ ಎಂಬ ಮಸೂದೆ ಕೆಳಮನೆಯಲ್ಲಿ ಪಾಸಾಯಿತು. ಅದರ ಪ್ರಕಾರ ನೋಂದಣಿಗೆ ಪಾಸ್‌ಪೋರ್ಟೋ ಜನನ ಪ್ರಮಾಣಪತ್ರವೋ ಅಂಥ ಪೌರತ್ವದ ದಾಖಲೆ ಬೇಕು. ಇಲ್ಲಿ ಕೋಟಿಗಟ್ಟಲೆ ಜನರ ಹತ್ತಿರ ಪಾಸ್‌ಪೋರ್ಟೇ ಇಲ್ಲ. ಮದುವೆಯಾದ ಮೇಲೆ ಅಡ್ಡಹೆಸರು ಬದಲಿಸಿಕೊಂಡ ಹೆಂಗಸರ ಹೆಸರು ಜನನ ಪತ್ರಕ್ಕೆ ತಾಳೆಯಾಗುವುದಿಲ್ಲ. ಹೆಚ್ಚಿನ ರಾಜ್ಯಗಳ ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಪೌರತ್ವದ ಗುರುತೇ ಇರುವುದಿಲ್ಲ.

ಅಕ್ರಮ ನಡೆದೇ ಇಲ್ಲ ಅಂತ ನಾನು ಹೇಳುವುದಿಲ್ಲ. 2024ರಲ್ಲಿ ನಮ್ಮ ಮಿಶಿಗನ್‌ನ ಆ್ಯನ್ ಆರ್ಬರ್‌ನಲ್ಲೇ ಒಬ್ಬ ಚೀನೀ ವಿದ್ಯಾರ್ಥಿ ಮತ ಹಾಕಿ ಕೇಸು ಹಾಕಿಸಿಕೊಂಡ. ಆಮೇಲೆ ರಾಜ್ಯದವರು ದಾಖಲೆ ತಾಳೆ ನೋಡಿದಾಗ 57 ಲಕ್ಷ ಮತಗಳಲ್ಲಿ ಅಂಥವು ಇಪ್ಪತ್ತೂ ಸಿಗಲಿಲ್ಲ. ಅಷ್ಟಕ್ಕಾಗಿ ಆ ನರ್ಸ್‌ನಂಥವರ ದಾರಿಗೆ ಇನ್ನೊಂದು ಗೇಟು ಹಾಕುವುದು ಅನ್ಯಾಯ ಅನ್ನುವುದೇ ನನ್ನ ನಿಲುವು. ನಿಮ್ಮದು ಬೇರೆ ಇರಬಹುದು.

● ನನ್ನ ಒಂದು ಮತದಿಂದ ಏನು ಬದಲಾಗುತ್ತೆ? ಅಮೆರಿಕದಲ್ಲಿ ಜಾಸ್ತಿ ಮತ ಪಡೆದವರೇ ಸೋಲುತ್ತಾರಲ್ವಾ?
(ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬೆಂಗಳೂರು)

ಹೌದು, 2016ರಲ್ಲಿ ಹಿಲರಿ ಕ್ಲಿಂಟನ್‌ಗೆ 28 ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ ಬಂದರೂ ಗೆದ್ದದ್ದು ಟ್ರಂಪ್. ಇಲ್ಲಿ ಲೆಕ್ಕ ರಾಜ್ಯವಾರು: ಹೆಚ್ಚಿನ ರಾಜ್ಯಗಳಲ್ಲಿ ಮುಂದಿದ್ದವರಿಗೇ ಆ ರಾಜ್ಯದ ಪಾಲೆಲ್ಲ ಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲೋ ಅಲಬಾಮಾದಲ್ಲೋ ಇರುವವರಿಗೆ ಅಧ್ಯಕ್ಷರ ಮಟ್ಟಿಗೆ ಫಲಿತಾಂಶ ಮೊದಲೇ ಗೊತ್ತು. ಅವರ ಬೇಸರ ಸುಳ್ಳಲ್ಲ. ಆದರೆ ಅದೇ ವರ್ಷ ಮಿಶಿಗನ್‌ನಲ್ಲಿ ಅಂತರ 10,704 ಮತ. ಬೂತಿಗೆ ಬಂದೂ ಅಧ್ಯಕ್ಷರ ಕಾಲಂ ಖಾಲಿ ಬಿಟ್ಟವರು ಸುಮಾರು 75 ಸಾವಿರ!

ನಿಮ್ಮ ರಾಜ್ಯದ ಸಂತೇಮರಹಳ್ಳಿ ಕೇಳಿದ್ದೀರಾ? 2004ರ ವಿಧಾನಸಭೆ ಚುನಾವಣೆಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಮತ. ವರ್ಜೀನಿಯಾದಲ್ಲಿ 2017ರ ರಾಜ್ಯ ಶಾಸನಸಭೆಯ ಒಂದು ಸ್ಥಾನಕ್ಕೆ ಇಬ್ಬರಿಗೂ 11,608 ಬಂತು. ಎರಡು ಹೆಸರನ್ನು ಫಿಲ್ಮ್ ಡಬ್ಬಿಗಳಲ್ಲಿಟ್ಟು, ಪಿಂಗಾಣಿ ಬಟ್ಟಲಿನಿಂದ ಚೀಟಿ ಎತ್ತಿದರು. ಸದನದಲ್ಲಿ ರಿಪಬ್ಲಿಕನ್ನರಿಗೆ ಬಹುಮತವೋ, ಎರಡೂ ಪಕ್ಷ ಸಮಬಲವೋ ಅನ್ನುವುದೇ ಆ ಚೀಟಿಯ ಮೇಲೆ ನಿಂತಿತ್ತು.

ಮತಪತ್ರದ ಕೆಳಗಿನ ಅರ್ಧದ ಬಗ್ಗೆ ನನಗೆ ಇನ್ನೂ ಜಾಸ್ತಿ ಕಾಳಜಿ. ನಮ್ಮ ಮತಪತ್ರ ಎರಡೂ ಬದಿ ತುಂಬಿರುತ್ತದೆ. ಅಧ್ಯಕ್ಷರಿಂದ ಶುರುವಾಗಿ ಶೆರಿಫ್ ಎಂಬ ಪೊಲೀಸ್ ಮುಖ್ಯಸ್ಥ, ಮಿಶಿಗನ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿ, ನ್ಯಾಯಾಧೀಶರು, ಶಾಲಾ ಮಂಡಳಿ. ಎಷ್ಟೋ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಹಾಗೆ) ಮಳೆನೀರಿನ ಚರಂಡಿ ನೋಡಿಕೊಳ್ಳುವ ಡ್ರೈನ್ ಕಮಿಷನರ್ ಕೂಡ ಚುನಾಯಿತರು. ಬೇಸ್‌ಮೆಂಟಿಗೆ ನೀರು ನುಗ್ಗಿದಾಗ ಎಲ್ಲರೂ ಅವರನ್ನು ಬೈಯುತ್ತಾರೆ, ಆರಿಸುವಾಗ ಹಾಳೆ ತಿರುಗಿಸದೆಯೇ ಯಂತ್ರಕ್ಕೆ ಹಾಕಿ ಹೋಗುತ್ತಾರೆ.

ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ಆರಿಸುವ ಪ್ರೈಮರಿಯಂತೂ ಇನ್ನೂ ಖಾಲಿ. ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾನೇದಾರ್ ಈಗ ಡೆಟ್ರಾಯ್ಟ್‌ನ ಸಂಸದರಲ್ಲೊಬ್ಬರು. ಅಲ್ಲಿ ನವೆಂಬರ್‌ನಲ್ಲಿ ಡೆಮಾಕ್ರಟರೇ ಗೆಲ್ಲುವುದು, ನಿಜವಾದ ಸ್ಪರ್ಧೆ ಆಗಸ್ಟ್‌ನ ಪ್ರೈಮರಿ. 2022ರಲ್ಲಿ ಅವರು ಅದನ್ನು ಗೆದ್ದದ್ದು ನೂರಕ್ಕೆ ಬರೀ 28 ಮತ ಪಡೆದು. ಇಲ್ಲಿ ಪೌರತ್ವ ಪಡೆದಿರುವ ಕನ್ನಡದವರಿಗೆ ನನ್ನ ಬೇಡಿಕೆ ಒಂದೇ: 2026ರ ನವೆಂಬರ್ 3 ಮಾತ್ರ ಅಲ್ಲ, ನಿಮ್ಮ ರಾಜ್ಯದ ಪ್ರೈಮರಿ ದಿನವನ್ನೂ ಬರೆದಿಟ್ಟುಕೊಳ್ಳಿ. ಮಿಶಿಗನ್‌ನಲ್ಲಿ ಅದು ಆಗಸ್ಟ್ 4.

● ಮಗ ಎಚ್‌-1ಬಿ ವೀಸಾದಲ್ಲಿ ಸನಿವೇಲ್‌ನಲ್ಲಿದ್ದಾನೆ. ವರ್ಷಗಟ್ಟಲೆ ತೆರಿಗೆ ಕಟ್ಟಿದ್ದಾನೆ. ಅವನಿಗೆ ಮತ ಇಲ್ಲೋ ಅಲ್ಲೋ?
(ಗೃಹಿಣಿ, ಮೈಸೂರು)

ಅಮೆರಿಕದಲ್ಲಿ ಇಲ್ಲ. ಗ್ರೀನ್ ಕಾರ್ಡ್ ಸಿಕ್ಕರೂ ಇಲ್ಲ, ಪೌರತ್ವ ಬೇಕು. ಒಂದು ಎಚ್ಚರಿಕೆ: ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ನೋಂದಣಿಯ ಪ್ರಶ್ನೆ ಬರುತ್ತದೆ. ಸುಮ್ನೆ ಟಿಕ್ ಹಾಕಿಬಿಟ್ಟರೆ ಮುಂದೆ ಪೌರತ್ವಕ್ಕೇ ಕುತ್ತು.

ಭಾರತದಲ್ಲಿ ಅವನಿಗೆ ಹಕ್ಕಿದೆ. ಆದರೆ ಖುದ್ದಾಗಿ ಬಂದು ಹಾಕಬೇಕು. ಇದು ನನಗೆ ನಿಜಕ್ಕೂ ನೋವಿನ ವಿಷಯ. ಬೆಂಗಳೂರಿನಲ್ಲಿ ನೆಲೆಸಿರುವ ಅಮೆರಿಕನ್ ಪ್ರಜೆಗೆ 1986ರ ಕಾನೂನಿನಿಂದ ಮತಪತ್ರ ಕಳಿಸಿಕೊಡುತ್ತಾರೆ, ಅವರು ಮನೆಯಲ್ಲೇ ತುಂಬಿ ವಾಪಸ್ ಕಳಿಸುತ್ತಾರೆ. ನಮ್ಮವರಿಗೆ ಬದಲಿ ವ್ಯಕ್ತಿಯಿಂದ ಮತ ಹಾಕಿಸುವ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಪಾಸಾಗಿ, ರಾಜ್ಯಸಭೆಯಲ್ಲಿ ಬರದೆ ಬಿದ್ದುಹೋಯಿತು. ಅಂಚೆ ಮತಕ್ಕಾಗಿ ಅನಿವಾಸಿಗಳು ಕೇಳುತ್ತಲೇ ಇರಬೇಕು.

ಸದ್ಯಕ್ಕೆ ಅವನಿಂದ ಫಾರಂ 6ಎ ತುಂಬಿಸಿ. ಪಾಸ್‌ಪೋರ್ಟ್‌ನಲ್ಲಿ ಇರುವ ಮೈಸೂರಿನ ವಿಳಾಸಕ್ಕೇ ಹೆಸರು ಸೇರುತ್ತದೆ. ಮತ ಹಾಕಲು ಬರುವಾಗ ಅಸಲಿ ಪಾಸ್‌ಪೋರ್ಟ್ ಕೈಯಲ್ಲಿರಲಿ, ಬೂತಿನಲ್ಲಿ ಅದನ್ನೇ ಕೇಳುತ್ತಾರೆ.