ಡುಬ್ರೋವ್ನಿಕ್‌ನಿಂದ ಕೋಟರ್‌ಗೆ ಹೋಗಿ ಅದೇ ದಿನ ವಾಪಸ್
ಕ್ರೊಯೇಷಿಯಾದ ಡುಬ್ರೋವ್ನಿಕ್‌ನಿಂದ ಪಕ್ಕದ ಮಾಂಟೆನೆಗ್ರೊದ ಕೋಟರ್‌ಗೆ ಒಂದು ದಿನದ ಟೂರ್ ಕೇಳಿದಾಗ ಟೂರಿನವರು ನಿಮ್ಮನ್ನು ಕರೆದೊಯ್ಯಲು ಒಪ್ಪದಿದ್ದರೆ, ಅದಕ್ಕೆ ಕಾರಣ ಬಹುಶಃ ನಿಮ್ಮ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಸಿಂಗಲ್ ಎಂಟ್ರಿ, ಅಂದರೆ ಒಮ್ಮೆ ಮಾತ್ರ ಒಳಬರಲು ಬಿಡುವಂಥದ್ದು, ಆಗಿರುವುದು. ಕ್ರೊಯೇಷಿಯಾ 2023ರಿಂದ ಷೆಂಗೆನ್ ಒಳಗಿದೆ, ಮಾಂಟೆನೆಗ್ರೊ ಹೊರಗೆ. ಒಮ್ಮೆ ದಾಟಿದರೆ ಸಂಜೆ ವಾಪಸ್ ಬಿಡುವುದಿಲ್ಲ.

ಮೊದಲು ವೀಸಾ ಸ್ಟಿಕರ್‌ನಲ್ಲಿ ಎಂಟ್ರಿಗಳ ಸಂಖ್ಯೆ ನೋಡಿ. 01 ಇದ್ದರೆ ಕೋಟರ್ ಆಸೆ ಬಿಡಿ, ಕ್ರೊಯೇಷಿಯಾದೊಳಗೇ ಹತ್ತಿರದಲ್ಲಿರುವ ಸಾವ್‌ಟಾಟ್‌ಗೆ ಹೋಗಿ, ಅದೂ ಚೆಂದವೇ. ಮಲ್ಟಿಪಲ್ ಇದ್ದರೆ ಮಾಂಟೆನೆಗ್ರೊಗೆ ಬೇರೆ ವೀಸಾ ಬೇಡ, ಚಾಲ್ತಿಯಲ್ಲಿರುವ ಷೆಂಗೆನ್ ಸಾಕು. ದುಡ್ಡು ಬದಲಾಯಿಸುವ ಗೋಜಿಲ್ಲ, ಎರಡೂ ಕಡೆ ಯೂರೋ.

ಬಾಡಿಗೆ ಕಾರಾದರೆ ಗಡಿ ದಾಟುವ ಅನುಮತಿಪತ್ರ ಮೊದಲೇ ಕೇಳಿ ಪಡೆಯಿರಿ. ಬೇಸಿಗೆಯಲ್ಲಿ ಡೆಬೆಲಿ ಬ್ರಿಯೆಗ್ ಗಡಿಯಲ್ಲಿ ಕ್ಯೂ ಎಷ್ಟಾದೀತೆಂದು ಹೇಳಲಾಗದು. ಬೆಳಗ್ಗೆ ಏಳರೊಳಗೆ ಹೊರಡಿ. ಹೋಗುವಾಗ ದಡದ ಪೆರಾಸ್ಟ್ ಊರಿನ ಮೂಲಕ ಕೋಟರ್ ಕೊಲ್ಲಿ ಸುತ್ತಿಯೇ ಹೋಗಿ. ಬರುವಾಗ ಲೆಪೆಟಾನೆಯಲ್ಲಿ ಕಾರನ್ನು ಫೆರಿಗೆ ಹತ್ತಿಸಿ ಕೊಲ್ಲಿ ದಾಟಿದರೆ ಆ ಸುತ್ತು ಉಳಿಯುತ್ತದೆ.